ಸೊನ್ನೆ ನಂಬರಿನ ಮನೆ

ಗೊತ್ತಿರಲಿಲ್ಲ ಅಂತಲ್ಲ.
ಶುಕ್ರವಾರವಾಗಿತ್ತು, ಸಂಜೆ ನಾಲ್ಕೂವರೆ,
ರೀಗಾದ ಕಿಟಕಿಯಾಚೆ ಡಿಸೆಂಬರಿನ ಕತ್ತಲು ಆಗಲೇ ಇಳಿದಿತ್ತು.
‘ಮನೆ ಸಂಖ್ಯೆ’ ಎಂಬ ಪುಟ್ಟ ಚೌಕಕ್ಕೆ
‘ಖಾಲಿ ಬಿಡುವಂತಿಲ್ಲ’ ಎಂದು ನಿಯಮ ಬರೆದೆ.
ಅರ್ಧ ಸಾಲು. ಕೋಟು ಹಾಕಿಕೊಂಡು ಟ್ರಾಮು ಹಿಡಿದೆ.

ನನಗಾಗ ಇಪ್ಪತ್ತಾರು. ಏಳನೇ ಮಹಡಿಯಲ್ಲಿ ಬೆಳೆದವಳು;
ಮನೆಯೆಂದರೆ ಲಿಫ್ಟಿನ ಗುಂಡಿ,
ಬಾಗಿಲ ಮೇಲೆ ಹಿತ್ತಾಳೆಯ ಐವತ್ತೆಂಟು.
ಆದರೂ ಗೊತ್ತಿತ್ತು,
ಗುಲ್ಬೆನೆಯ ಆಚೆ ಕಾಡು ಹೊಲಗಳ ನಡುವೆ
ಮನೆಗಳಿಗೆ ಅಂಕಿಯಿಲ್ಲ, ಹೆಸರಿದೆ.
ಗಾಳಿಗಳು. ಕೊಕ್ಕರೆಗಳು. ಹೊಳೆಯಂಚು.
ಕರಡಿಗಳು ಅಂತಲೂ ಒಂದು,
ಅದರಲ್ಲಿರುವುದು ಒಬ್ಬ ಹಲ್ಲಿನ ಡಾಕ್ಟರು.

ಚೌಕ ಬಾಯಿ ತೆರೆದು ಕೂತಿದೆ,
ಏನಾದರೂ ಹಾಕದೆ ಮುಂದಕ್ಕೆ ಬಿಡುವುದಿಲ್ಲ.
ಪುರಸಭೆಯ ಗುಮಾಸ್ತೆ ಏನು ಮಾಡಿಯಾಳು?
ಸೊನ್ನೆ ಒತ್ತಿದಳು. ಎಲ್ಲರಿಗೂ ಸೊನ್ನೆ.
ಹನ್ನೊಂದು ವರ್ಷ ಆ ಸೊನ್ನೆಗಳು ಯಾರ ತಂಟೆಗೂ ಬರಲಿಲ್ಲ.

ಈ ಚಳಿಗಾಲ ಸರ್ಕಾರ ಸೌದೆಗೆ ಸಹಾಯಧನ ಅಂದಿತು.
ಯಂತ್ರ ಯೋಚಿಸಿತು, ಯೋಚಿಸುವುದು ಅಂತ ಅದನ್ನು ಕರೆಯಬಹುದಾದರೆ:
ಒಂದೇ ಊರು, ಒಂದೇ ಸಂಖ್ಯೆ, ಹಾಗಾದರೆ ಒಂದೇ ಸೂರು.
ನಲವತ್ತೊಂದು ಮನೆ ಸೇರಿ ಒಂದು ಸಂಸಾರ.
ನಲವತ್ತೊಂದು ಮನೆಯ ಸಂಬಳ, ಪಿಂಚಣಿ, ಜೇನು ಮಾರಿದ ದುಡ್ಡು
ಎಲ್ಲ ಕೂಡಿಸಿದರೆ
ಸಾಹುಕಾರ ಸಂಸಾರ.
ಅರ್ಜಿ ತಿರಸ್ಕೃತ.

ಆ ದೂರು ನನ್ನ ಮೇಜಿಗೇ ಬಂತು.
ಈಗ ನಾನು ಕೋಡ್ ಬರೆಯುವವಳಲ್ಲ, ಬರೆಯುವವರ ಮೇಲಿನವಳು;
ಬಣ್ಣದ ಚೀಟಿಗಳನ್ನು ಎಡದಿಂದ ಬಲಕ್ಕೆ ಸರಿಸುವುದು ಕಸುಬು.
ಬೆಳಗ್ಗೆ ನಿಂತೇ ನಡೆಸುವ ಮೀಟಿಂಗಿನಲ್ಲಿ ಐನಾರ್ಸ್ ಹೇಳಿದ:
ಮೂರು ಲಕ್ಷದಲ್ಲಿ ನಲವತ್ತೊಂದು. ಆದ್ಯತೆ ಕಡಿಮೆ.
ಲೆಕ್ಕ ಸರಿಯಾಗಿಯೇ ಇತ್ತು.
‘ಮುಂದಿನ ತಿಂಗಳು ನೋಡೋಣ’ ಅಂದೆ,
ಹಾವೂ ಸಾಯದ ಕೋಲೂ ಮುರಿಯದ ಮಾತು.
ಇಷ್ಟು ವರ್ಷದಲ್ಲಿ ನಾನು ನಿರರ್ಗಳವಾಗಿ ಕಲಿತ ಭಾಷೆ ಅದೊಂದೇ.
ಆ ಅರ್ಧ ಸಾಲಿನ ಪಕ್ಕ ಬರೆದವರ ಹೆಸರಿತ್ತು.
ಯಾರೂ ನೋಡಲಿಲ್ಲ. ನಾನು ನೋಡಿದೆ.

ಫೆಬ್ರುವರಿಯಲ್ಲಿ ಒಂದು ದಿನ ರಜೆ ಹಾಕಿ ಕಾರು ಹತ್ತಿದೆ.
ಗಾಳಿಗಳು ಮನೆಯ ಲಿಯೊಂತೀನೆ, ಶಾಲೆಯ ಬಸ್ಸಿನ ಚಾಲಕಿ.
ಪಟ್ಟಿಯಲ್ಲಿ ಮೊದಲು ಸಿಕ್ಕವಳೆಂದು
ಯಂತ್ರ ಅವಳನ್ನೇ ಯಜಮಾನಿ ಮಾಡಿತ್ತು.
ಎಲ್ಲರ ಕಾಗದವೂ ಅವಳ ಡಬ್ಬಿಗೆ;
ಬಸ್ಸಿನಲ್ಲಿ ಮಕ್ಕಳ ಕೈಗೆ ಕೊಟ್ಟು ಕಳಿಸುತ್ತಾಳೆ.
‘ನನಗೆ ಒಬ್ಬ ಗಂಡನೂ ಗತಿಯಿರಲಿಲ್ಲ,’ ಅಂದಳು,
‘ಈಗ ಕಾಗದದ ಮೇಲೆ ಮನೆತುಂಬ ಗಂಡಸರು.
ಒಬ್ಬನೂ ಸೌದೆ ಒಡೆದುಕೊಡಲಿಲ್ಲ.’
ನಕ್ಕೆವು. ಚಹಾ ಆರುತ್ತಿತ್ತು.
ನಾನು ಯಾರೆಂದು ಹೇಳಬೇಕಿತ್ತು, ಹೇಳಿದೆ.

ಅವಳು ಏನೂ ಅನ್ನಲಿಲ್ಲ.
ಒಲೆಯ ಬಾಗಿಲು ತೆರೆದು ಒಂದು ತುಂಡು ಹಾಕಿದಳು,
ಮಿಕ್ಕವನ್ನು ಎಣಿಸಿದಳು,
ಮೆಲ್ಲಗೆ, ಆದರೆ ನನಗೆ ಕೇಳುವಷ್ಟು.

ಸೋಮವಾರ ನಾನೇ ಕೂತು ತಿದ್ದಿದೆ. ಹನ್ನೊಂದು ನಿಮಿಷ.
ಬೆರಳುಗಳಿಗೆ ಇನ್ನೂ ನೆನಪಿತ್ತು, ಒಂದು ಗಳಿಗೆ ಖುಷಿಯೂ ಆಯಿತು, ನಾಚಿಕೆಯಾಗುವಷ್ಟು.
ಪರೀಕ್ಷೆ, ಒಪ್ಪಿಗೆ, ಮೇಲಿನವರ ಸಹಿ, ಅವರ ಮೇಲಿನವರ ಸಹಿ:
ಐದು ವಾರ.
ಅಷ್ಟರಲ್ಲಿ ಹಿಮ ಕರಗಿತ್ತು.

ಇವತ್ತು ಐನಾರ್ಸ್ ಬಂದು ನಿಂತ.
‘ಸಂಖ್ಯೆಯ ಬದಲು ಹೆಸರು ಅಂದಿರಲ್ಲ,
ಎಷ್ಟು ಅಕ್ಷರಕ್ಕೆ ಜಾಗ ಇಡಲಿ? ಹನ್ನೆರಡು ಸಾಕೆ?’
ಸಾಕು ಅನ್ನಲು ಬಾಯಿ ತೆರೆದಿದ್ದೆ.
ಗಡಿಯಾರ ನೋಡಿದೆ.

ನಿಮ್ಮಲ್ಲಿ ಎಲ್ಲಕ್ಕಿಂತ ಉದ್ದದ ಹೆಸರಿನ ಮನೆ ಯಾವುದು ಅಂತ ಕೇಳಲು
ಲಿಯೊಂತೀನೆಗೆ ಫೋನು ಮಾಡಿದ್ದೇನೆ.
ಎತ್ತುತ್ತಿಲ್ಲ. ಮಕ್ಕಳನ್ನು ಇಳಿಸುವ ಹೊತ್ತು.
ಐನಾರ್ಸ್ ಕೋಟು ಹಾಕಿಕೊಂಡು ನಿಂತಿದ್ದಾನೆ.
ಕೂತುಕೋ ಅಂದೆ.